ಎಲ್ಲಿ ನಿಲ್ಲಬೇಕು? ಲೂಪ್ ಮತ್ತು ಸ್ವಿಚ್‌ಗಳ ಚರಿತ್ರೆ

ಕೆಲವು ವರ್ಷಗಳ ಹಿಂದಿನ ಮಾತು. ಪದವಿಯ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸಿ ಭಾಷೆಯ ಪ್ರಯೋಗ ತರಗತಿ ನಡೆಯುತ್ತಿತ್ತು. ಏಳರ ಮಗ್ಗಿಯನ್ನು ಪರದೆಯ ಮೇಲೆ ಮೂಡಿಸುವ ಪ್ರೋಗ್ರಾಂ ಬರೆಯಲು ಹೇಳಿದ್ದೆ. ಹತ್ತು ನಿಮಿಷ ಕಳೆದಿರಬಹುದು. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಗಾಬರಿಯಿಂದ ಎದ್ದು ನಿಂತಳು.

"ಸರ್, ಕಂಪ್ಯೂಟರ್ ಹಾಳಾಯ್ತು ಅಂತ ಕಾಣ್ತದೆ. ನಿಲ್ತಾನೇ ಇಲ್ಲ."

ಹೋಗಿ ನೋಡಿದೆ. ಪರದೆಯ ತುಂಬ "7 × 1 = 7" ಎಂಬ ಒಂದೇ ಸಾಲು ಓಡುತ್ತಿತ್ತು. ಕಂಪ್ಯೂಟರ್ ಏಳೊಂದ್ಲ ಏಳು, ಏಳೊಂದ್ಲ ಏಳು ಎಂದು ಹೇಳುತ್ತಲೇ ಇತ್ತು. ಏಳೆರಡ್ಲ ಹದಿನಾಲ್ಕಕ್ಕೆ ಹೋಗುತ್ತಿರಲಿಲ್ಲ. ಎಣಿಕೆಯನ್ನು ಒಂದರಿಂದ ಎರಡಕ್ಕೆ ಏರಿಸುವ ಒಂದು ಸಾಲನ್ನು ಆಕೆ ಮರೆತಿದ್ದಳು. ಕಂಟ್ರೋಲ್ ಮತ್ತು ಬ್ರೇಕ್ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಓಟ ನಿಂತಿತು. ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಆದರೆ ಆಕೆಯ ಮುಖ ಸಪ್ಪಗಾಗಿತ್ತು. "ಕನ್ನಡ ಮಾಧ್ಯಮದವರಿಗೆ ಇದೆಲ್ಲ ಆಗುವುದಿಲ್ಲ ಸರ್" ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಪ್ರೋಗ್ರಾಮಿಂಗ್ ಕಲಿಯುವ ನಮ್ಮ ಮಕ್ಕಳಲ್ಲಿ ಅನೇಕರು ಧೈರ್ಯ ಕಳೆದುಕೊಳ್ಳುವುದು ಲೂಪ್ ಮತ್ತು ಸ್ವಿಚ್ ಎಂಬ ಎರಡು ಪಾಠಗಳಲ್ಲಿಯೇ. ಕೆಲವರು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸುತ್ತಾರೆ. ಇನ್ನು ಕೆಲವರು ತಮಗೆ ಬುದ್ಧಿ ಸಾಲದೆಂದು ತೀರ್ಮಾನಿಸಿಬಿಡುತ್ತಾರೆ. ಈ ಎರಡು ಪಾಠಗಳ ಹಿಂದಿರುವ ಚರಿತ್ರೆಯನ್ನು ಯಾರೂ ಅವರಿಗೆ ಹೇಳಿರುವುದಿಲ್ಲ. ಆ ವಿದ್ಯಾರ್ಥಿನಿ ಎಡವಿದ ಜಾಗದಲ್ಲಿ ಜಗತ್ತಿನ ದೊಡ್ಡ ದೊಡ್ಡ ಎಂಜಿನಿಯರುಗಳೂ ಎಡವಿದ್ದಾರೆ. ಆ ಚರಿತ್ರೆಯನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ಹಳೆಯ ಅಭ್ಯಾಸಗಳು

ಮೊದಲು ವಿಷಯವನ್ನು ಸರಳವಾಗಿ ತಿಳಿದುಕೊಳ್ಳೋಣ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಲೂಪ್. ಲೂಪಿಗೆ ಮೂರು ಅಂಗಗಳಿವೆ: ಎಲ್ಲಿಂದ ಆರಂಭಿಸಬೇಕು, ಎಲ್ಲಿಯವರೆಗೆ ಮುಂದುವರಿಯಬೇಕು, ಪ್ರತಿ ಸುತ್ತಿನಲ್ಲಿ ಏನು ಬದಲಾಗಬೇಕು. ಮಗ್ಗಿಯಲ್ಲಿ ಆರಂಭ ಒಂದು, ಮಿತಿ ಹತ್ತು, ಪ್ರತಿ ಸಲ ಒಂದರ ಏರಿಕೆ. ಸಿ ಭಾಷೆಯ 'ಫಾರ್' ಈ ಮೂರನ್ನೂ ಒಂದೇ ಸಾಲಿನಲ್ಲಿ ಕೇಳುತ್ತದೆ. 'ವೈಲ್' ಷರತ್ತನ್ನು ಮಾತ್ರ ಕೇಳಿ ಉಳಿದೆರಡನ್ನು ನಮ್ಮ ನೆನಪಿಗೆ ಬಿಡುತ್ತದೆ. 'ಡೂ-ವೈಲ್' ಮೊದಲು ಕೆಲಸ ಮಾಡಿ ಆಮೇಲೆ ಷರತ್ತನ್ನು ನೋಡುತ್ತದೆ.

ಸ್ವಿಚ್ ಎಂದರೆ ವಿಂಗಡಣೆ. ಒಂದು ಬೆಲೆಯನ್ನು ನೋಡಿ, ಅದು ಯಾವ ಪ್ರಕರಣಕ್ಕೆ ಸೇರುತ್ತದೆಯೋ ಆ ಪ್ರಕರಣದ ಕೆಲಸವನ್ನು ಮಾತ್ರ ಮಾಡುವುದು. ತಿಂಗಳ ಸಂಖ್ಯೆ ಕೊಟ್ಟರೆ ಆ ತಿಂಗಳಲ್ಲಿ ಎಷ್ಟು ದಿನ ಎಂದು ಹೇಳುವ ಪ್ರೋಗ್ರಾಂ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರತಿಯೊಂದು ಪ್ರಕರಣವನ್ನು 'ಕೇಸ್' ಎನ್ನುತ್ತಾರೆ. ಅದರ ಕೊನೆಯಲ್ಲಿ ಹೊರಗೆ ಬರಲು 'ಬ್ರೇಕ್' ಬರೆಯುತ್ತೇವೆ. ಯಾವ ಪ್ರಕರಣಕ್ಕೂ ಸೇರದ ಬೆಲೆಗಾಗಿ 'ಡಿಫಾಲ್ಟ್' ಇದೆ.

ಪುನರಾವರ್ತನೆ ಮತ್ತು ವಿಂಗಡಣೆ, ಇವೆರಡೂ ಕಂಪ್ಯೂಟರಿನೊಂದಿಗೆ ಹುಟ್ಟಿದವಲ್ಲ. ಲೆಕ್ಕ ಮಾಡುವ ಮನುಷ್ಯ ಇವೆರಡನ್ನೂ ಸಾವಿರಾರು ವರ್ಷಗಳಿಂದ ಬಳಸುತ್ತಿದ್ದಾನೆ.

ಬಗ್ದಾದಿನ ಆರು ಪ್ರಕರಣಗಳು

ಒಂದು ಸಮಸ್ಯೆಯನ್ನು ಹಂತ ಹಂತವಾಗಿ ಬಿಡಿಸುವ ವಿಧಾನವನ್ನು ಇಂದು 'ಅಲ್ಗಾರಿದಮ್' ಎಂದು ಕರೆಯುತ್ತೇವೆ. ಈ ಪದ ಒಬ್ಬ ವ್ಯಕ್ತಿಯ ಹೆಸರಿನಿಂದ ಬಂದಿದೆ. ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ ಒಂಬತ್ತನೆಯ ಶತಮಾನದ ಆದಿಭಾಗದಲ್ಲಿ ಖಲೀಫ ಅಲ್ ಮಾಮೂನನ ಆಶ್ರಯದಲ್ಲಿ ಬಗ್ದಾದಿನಲ್ಲಿದ್ದ ವಿದ್ವಾಂಸರು. ಭಾರತದ ದಶಮಾನ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ವಿವರಿಸಿ ಅವರೊಂದು ಪುಸ್ತಕ ಬರೆದರು. ಹನ್ನೆರಡನೆಯ ಶತಮಾನದಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋದಾಗ ಅವರ ಹೆಸರು 'ಅಲ್ಗೊರಿಝ್ಮಿ' ಆಯಿತು. ಕ್ರಮೇಣ ಆ ವಿಧಾನಕ್ಕೇ ಅವರ ಹೆಸರು ಅಂಟಿಕೊಂಡಿತು.

ಅವರ ಇನ್ನೊಂದು ಪುಸ್ತಕದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಪದದಿಂದ 'ಆಲ್ಜಿಬ್ರಾ' ಬಂದದ್ದು ನಮಗೆಲ್ಲ ತಿಳಿದಿದೆ. ಆ ಪುಸ್ತಕದ ರಚನೆಯನ್ನು ಗಮನಿಸಿದವರು ಕಡಿಮೆ. ಒಂದು ಅಜ್ಞಾತ ಸಂಖ್ಯೆ, ಅದರ ವರ್ಗ ಮತ್ತು ಒಂದು ಸಾದಾ ಸಂಖ್ಯೆ, ಇವು ಮೂರು ಸೇರಿ ಉಂಟಾಗುವ ಸಮೀಕರಣಗಳನ್ನು ಅವರು ಆರು ಪ್ರಕರಣಗಳಾಗಿ ವಿಂಗಡಿಸಿದರು. ವರ್ಗವು ಮೂಲಕ್ಕೆ ಸಮ. ವರ್ಗವು ಸಂಖ್ಯೆಗೆ ಸಮ. ಮೂಲವು ಸಂಖ್ಯೆಗೆ ಸಮ. ವರ್ಗ ಮತ್ತು ಮೂಲ ಸೇರಿ ಸಂಖ್ಯೆಗೆ ಸಮ. ವರ್ಗ ಮತ್ತು ಸಂಖ್ಯೆ ಸೇರಿ ಮೂಲಕ್ಕೆ ಸಮ. ಮೂಲ ಮತ್ತು ಸಂಖ್ಯೆ ಸೇರಿ ವರ್ಗಕ್ಕೆ ಸಮ. ಪ್ರತಿ ಪ್ರಕರಣಕ್ಕೂ ಬೇರೆ ಬೇರೆ ನಿಯಮ.

ನಾಲ್ಕನೆಯ ಪ್ರಕರಣಕ್ಕೆ ಅವರು ಕೊಟ್ಟ ಉದಾಹರಣೆ ಪ್ರಸಿದ್ಧವಾದುದು: ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತರಷ್ಟನ್ನು ಕೂಡಿಸಿದರೆ 39. ಆ ಸಂಖ್ಯೆ ಯಾವುದು? ನಿಯಮ ಹೀಗಿದೆ. ಹತ್ತರ ಅರ್ಧ 5. ಅದರ ವರ್ಗ 25. ಅದಕ್ಕೆ 39 ಕೂಡಿಸಿ, 64. ಅದರ ವರ್ಗಮೂಲ 8. ಅದರಿಂದ 5 ಕಳೆಯಿರಿ, ಉತ್ತರ 3. ಪರೀಕ್ಷಿಸಿ ನೋಡಿ: ಒಂಬತ್ತಕ್ಕೆ ಮೂವತ್ತು ಕೂಡಿಸಿದರೆ ಮೂವತ್ತೊಂಬತ್ತು.

ಐದನೆಯ ಪ್ರಕರಣದಲ್ಲಿ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಮೂಲಗಳ ಅರ್ಧದ ವರ್ಗವು ಕೊಟ್ಟ ಸಂಖ್ಯೆಗಿಂತ ಕಡಿಮೆಯಾದರೆ ಉತ್ತರ ಸಾಧ್ಯವಿಲ್ಲ. ಎಂದರೆ ಪ್ರಕರಣದ ಒಳಗೊಂದು ಷರತ್ತು. ಇಂದು ನಾವು 'ಕೇಸ್' ಒಳಗೆ 'ಇಫ್' ಬರೆಯುವಾಗ ಮಾಡುವುದೂ ಇದನ್ನೇ. ಅಲ್ ಖ್ವಾರಿಝ್ಮಿಯವರ ಕಾಲದಲ್ಲಿ ಕೂಡುವ, ಕಳೆಯುವ ಚಿಹ್ನೆಗಳೂ ಬಳಕೆಯಲ್ಲಿರಲಿಲ್ಲ. ಎಲ್ಲವನ್ನೂ ಮಾತಿನಲ್ಲಿಯೇ ಬರೆದರು. ಪುಸ್ತಕದ ದೊಡ್ಡ ಭಾಗ ಆಸ್ತಿ ಪಾಲು, ಮರಣಶಾಸನಗಳ ಲೆಕ್ಕಕ್ಕೆ ಮೀಸಲಾಗಿದೆ. ಯಾರಿಗೆ ಎಷ್ಟು ಪಾಲು ಎಂಬುದು ಪ್ರಕರಣದಿಂದ ಪ್ರಕರಣಕ್ಕೆ ಬದಲಾಗುವ ಲೆಕ್ಕವಾದುದರಿಂದ, ಸರಿಯಾದ ವಿಂಗಡಣೆ ಅವರಿಗೆ ನಿತ್ಯದ ಅಗತ್ಯವಾಗಿತ್ತು.

ಕುದುರೆಯ ಕೂದಲಿನಷ್ಟು

ವಿಂಗಡಣೆಯ ಕಥೆ ಬಗ್ದಾದಿನದಾದರೆ, ಪುನರಾವರ್ತನೆಯ ಒಂದು ಅದ್ಭುತ ಕಥೆ ಸಮರ್ಕಂದಿನದು. ವೃತ್ತದ ಸುತ್ತಳತೆಯನ್ನು ಕಂಡುಹಿಡಿಯಲು ವೃತ್ತದೊಳಗೆ ಬಹುಭುಜಗಳನ್ನು ಬರೆದು, ಭುಜಗಳ ಸಂಖ್ಯೆಯನ್ನು ಇಮ್ಮಡಿಸುತ್ತಾ ಹೋಗುವ ಉಪಾಯ ಬಹಳ ಹಳೆಯದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸ್ 6 ಭುಜಗಳಿಂದ ಆರಂಭಿಸಿ 12, 24, 48 ಮಾಡಿ 96ಕ್ಕೆ ನಿಲ್ಲಿಸಿದನು.

ಜಂಶೀದ್ ಅಲ್ ಕಾಶಿ 1424ರಲ್ಲಿ ಇದೇ ಲೆಕ್ಕವನ್ನು ಎತ್ತಿಕೊಂಡರು. ಇರಾನಿನ ಕಾಶಾನ್ ಪಟ್ಟಣದವರಾದ ಇವರು ಉಲೂಗ್ ಬೇಗನ ಸಮರ್ಕಂದಿನಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞರು. ಅವರು ಲೆಕ್ಕ ಆರಂಭಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಂಡರು: ಎಲ್ಲಿ ನಿಲ್ಲಬೇಕು? ಭೂಮಿಯ ವ್ಯಾಸದ ಆರು ಲಕ್ಷ ಪಟ್ಟು ವ್ಯಾಸವಿರುವ ಒಂದು ವೃತ್ತವನ್ನು ಕಲ್ಪಿಸಿಕೊಂಡರು. ಆ ವೃತ್ತದ ಸುತ್ತಳತೆಯಲ್ಲಿ ಬರುವ ತಪ್ಪು ಕುದುರೆಯ ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆಯಿರಬೇಕು ಎಂದು ಷರತ್ತು ಹಾಕಿಕೊಂಡರು. ಆ ಷರತ್ತು ಪೂರೈಸಲು ಎಷ್ಟು ಸಲ ಇಮ್ಮಡಿಸಬೇಕೆಂದು ಮೊದಲೇ ಲೆಕ್ಕ ಹಾಕಿದರು. ಉತ್ತರ: ಮೂರನ್ನು 28 ಸಲ ಇಮ್ಮಡಿಸಬೇಕು. ಆಗ ಬರುವ ಬಹುಭುಜಕ್ಕೆ 80,53,06,368 ಭುಜಗಳು!

ಅಷ್ಟು ಭುಜಗಳನ್ನು ಯಾರಿಂದಲೂ ಚಿತ್ರಿಸಲಾಗದು, ಚಿತ್ರಿಸುವ ಅಗತ್ಯವೂ ಇರಲಿಲ್ಲ. ಒಂದು ಹಂತದ ಉತ್ತರದಿಂದ ಮುಂದಿನ ಹಂತದ ಉತ್ತರವನ್ನು ಪಡೆಯುವ ಒಂದೇ ನಿಯಮವಿತ್ತು. ಒಂದು ಸಂಖ್ಯೆಯನ್ನು ಕೂಡಿಸಿ ವರ್ಗಮೂಲ ತೆಗೆಯುವುದು, ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡುವುದು. ಹೀಗೆ ಕೈಯಿಂದಲೇ ಲೆಕ್ಕ ಮಾಡಿ ಅವರು 'ಪೈ' ಬೆಲೆಯನ್ನು 16 ದಶಮಾಂಶ ಸ್ಥಾನಗಳವರೆಗೆ ಸರಿಯಾಗಿ ಕಂಡುಹಿಡಿದರು. ಯೂರೋಪಿನಲ್ಲಿ ಲುಡಾಲ್ಫ್ ವಾನ್ ಕ್ಯೂಲೆನ್ 1596ರಲ್ಲಿ 20 ಸ್ಥಾನಗಳನ್ನು ಪ್ರಕಟಿಸುವವರೆಗೆ, ಸುಮಾರು 170 ವರ್ಷ, ಈ ಲೆಕ್ಕವನ್ನು ಮೀರಿಸಿದವರಿರಲಿಲ್ಲ.

ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕಾದದ್ದು ಆ 16 ಅಂಕಿಗಳನ್ನಲ್ಲ. ಓಡಲು ಆರಂಭಿಸುವ ಮೊದಲೇ ನಿಲ್ಲುವ ಜಾಗವನ್ನು ಗೊತ್ತು ಮಾಡಿಕೊಂಡ ಆ ಶಿಸ್ತನ್ನು. ಪ್ರಯೋಗಾಲಯದಲ್ಲಿ ನಮ್ಮ ಲೂಪ್ ನಿಲ್ಲದೆ ಓಡುವಾಗ ಕೊರತೆಯಾಗಿರುವುದು ಈ ಶಿಸ್ತೇ.

ಮಗ್ಗದಿಂದ ಯಂತ್ರಕ್ಕೆ

ಮನುಷ್ಯ ತಾನು ಮಾಡುತ್ತಿದ್ದ ಪುನರಾವರ್ತನೆಯನ್ನು ಯಂತ್ರಕ್ಕೆ ಒಪ್ಪಿಸಿದ್ದರಲ್ಲಿ ನೇಕಾರಿಕೆಯ ಪಾತ್ರ ದೊಡ್ಡದು. ಫ್ರಾನ್ಸಿನ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ರೂಪಿಸಿದ ಮಗ್ಗದಲ್ಲಿ ತೂತುಗಳಿದ್ದ ರಟ್ಟಿನ ಹಾಳೆಗಳನ್ನು ಸರಪಣಿಯಂತೆ ಹೊಲಿದಿರುತ್ತಿದ್ದರು. ಯಾವ ಹಾಸುನೂಲು ಮೇಲೇಳಬೇಕು ಎಂಬುದನ್ನು ತೂತುಗಳೇ ನಿರ್ಧರಿಸುತ್ತಿದ್ದವು. ಸರಪಣಿ ಒಂದು ಸುತ್ತು ಮುಗಿಸಿದರೆ ಬಟ್ಟೆಯ ಮೇಲೆ ಅದೇ ಹೂವಿನ ವಿನ್ಯಾಸ ಮತ್ತೆ ಮೂಡುತ್ತಿತ್ತು.

ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ 'ಅನಲಿಟಿಕಲ್ ಎಂಜಿನ್' ಎಂಬ ಲೆಕ್ಕದ ಯಂತ್ರಕ್ಕೆ ಈ ರಟ್ಟಿನ ಹಾಳೆಗಳನ್ನೇ ಎರವಲು ಪಡೆದನು. ಆ ಯಂತ್ರ ಪೂರ್ಣವಾಗಿ ನಿರ್ಮಾಣವಾಗಲೇ ಇಲ್ಲ. ಆದರೆ ಅದರ ಬಗ್ಗೆ ಲುಯಿಜಿ ಮೆನಾಬ್ರಿಯಾ ಬರೆದ ಫ್ರೆಂಚ್ ಲೇಖನವನ್ನು ಅಡಾ ಲವ್‌ಲೇಸ್ 1843ರಲ್ಲಿ ಇಂಗ್ಲಿಷಿಗೆ ಅನುವಾದಿಸಿದರು. ಅನುವಾದಕ್ಕಿಂತ ಅವರು ಸೇರಿಸಿದ ಟಿಪ್ಪಣಿಗಳೇ ಉದ್ದವಾಗಿದ್ದವು. ಆಗ ಅವರ ವಯಸ್ಸು 27. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಲೆಕ್ಕ ಮಾಡುವ ಕ್ರಮವನ್ನು ಕೋಷ್ಟಕವಾಗಿ ಕೊಟ್ಟಿದ್ದಾರೆ. ಅದರಲ್ಲಿ 13ರಿಂದ 23ರವರೆಗಿನ ಕ್ರಿಯೆಗಳನ್ನು ಮತ್ತೆ ಮಾಡಬೇಕೆಂಬ ಸೂಚನೆಯಿದೆ. ಇಂತಹ ಮರುಕಳಿಕೆಗೆ ಅವರು 'ಸೈಕಲ್' ಎಂಬ ಪದ ಬಳಸಿದರು. ಸೈಕಲ್‌ಗಳ ಸೈಕಲ್, ಅಂದರೆ ನಾವು ಇಂದು ಲೂಪಿನೊಳಗಿನ ಲೂಪ್ ಎನ್ನುವುದನ್ನೂ ಅವರು ಚರ್ಚಿಸಿದ್ದಾರೆ. ಅದೇ ಕೋಷ್ಟಕದ ನಾಲ್ಕನೆಯ ಕ್ರಿಯೆಯಲ್ಲಿ ಭಾಗಾಕಾರ ತಿರುಗುಮುರುಗಾಗಿ ಅಚ್ಚಾಗಿದೆ ಎಂಬುದೂ ಗಮನಾರ್ಹ. ಪ್ರೋಗ್ರಾಮಿಂಗ್ ಚರಿತ್ರೆಯ ಮೊದಲ ಪುಟದಲ್ಲಿಯೇ ಒಂದು ತಪ್ಪು ಕುಳಿತಿದೆ!

ಹೆಸರು ಬಂದದ್ದು ಹೀಗೆ

1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 'ಎನಿಯಾಕ್' ಎಂಬ ವಿದ್ಯುನ್ಮಾನ ಕಂಪ್ಯೂಟರನ್ನು ಸಾರ್ವಜನಿಕರಿಗೆ ಪರಿಚಯಿಸಲಾಯಿತು. ಅದರಲ್ಲಿ ಸುಮಾರು 18 ಸಾವಿರ ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಪ್ರೋಗ್ರಾಂ ಬರೆಯುವುದೆಂದರೆ ತಂತಿಗಳನ್ನು ಬೇರೆ ಬೇರೆ ಜಾಗಗಳಲ್ಲಿ ಚುಚ್ಚುವುದು, ಗುಂಡಿಗಳನ್ನು ತಿರುಗಿಸುವುದು. ಒಂದು ಭಾಗವನ್ನು ಎಷ್ಟು ಸಲ ಮರುಕಳಿಸಬೇಕೆಂದು ಎಣಿಸಲು 'ಮಾಸ್ಟರ್ ಪ್ರೋಗ್ರಾಮರ್' ಎಂಬ ಪ್ರತ್ಯೇಕ ಘಟಕವಿತ್ತು. ಈ ಕೆಲಸ ಮಾಡಿದವರು ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್ ಸೇರಿದಂತೆ ಆರು ಮಂದಿ ಮಹಿಳೆಯರು. ಯಂತ್ರದ ಉದ್ಘಾಟನೆಯ ಸಂಭ್ರಮದಲ್ಲಿ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಅವರಿಗೆ ಮನ್ನಣೆ ಸಿಗಲು ಅರ್ಧ ಶತಮಾನವೇ ಬೇಕಾಯಿತು. ನಮ್ಮ ಹೆಣ್ಣುಮಕ್ಕಳು ಇದನ್ನು ತಿಳಿದಿರಬೇಕು.

ತಂತಿ ಚುಚ್ಚುವ ಕಾಲ ಮುಗಿದು ಬರೆದು ಆದೇಶಿಸುವ ಕಾಲ ಬಂತು. ಐಬಿಎಂ ಕಂಪನಿಯಲ್ಲಿ ಜಾನ್ ಬ್ಯಾಕಸ್ ಮತ್ತು ಸಂಗಡಿಗರು 1957ರಲ್ಲಿ 'ಫೋರ್ಟ್ರಾನ್' ಭಾಷೆಯನ್ನು ಹೊರತಂದರು. ಅದರ 'ಡೂ' ಎಂಬ ಆದೇಶ ನಮ್ಮ ಇಂದಿನ 'ಫಾರ್' ಲೂಪಿನ ಹಿರಿಯಣ್ಣ. ಆ ಮೊದಲ ಫೋರ್ಟ್ರಾನ್‌ನಲ್ಲಿ ಷರತ್ತಿನ ಪರೀಕ್ಷೆ ಲೂಪಿನ ಕೊನೆಯಲ್ಲಿ ನಡೆಯುತ್ತಿತ್ತು. ಆದ್ದರಿಂದ ಬೇಕಿರಲಿ, ಬೇಡದಿರಲಿ, ಕೆಲಸ ಒಂದು ಸಲವಾದರೂ ನಡೆದೇ ತೀರುತ್ತಿತ್ತು. 'ವೈಲ್' ಮತ್ತು 'ಡೂ-ವೈಲ್' ವ್ಯತ್ಯಾಸ ಕೇವಲ ಎರಡು ಅಂಕದ ಪ್ರಶ್ನೆಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅದೇ ಭಾಷೆಯಲ್ಲಿ, ಒಂದು ವೇರಿಯಬಲ್‌ನ ಬೆಲೆ 1 ಆದರೆ ಈ ಸಾಲಿಗೆ, 2 ಆದರೆ ಆ ಸಾಲಿಗೆ ಜಿಗಿಯುವಂತೆ ಹೇಳುವ 'ಗೋ ಟು' ಆದೇಶವೂ ಇತ್ತು. ಸ್ವಿಚ್‌ನ ಪೂರ್ವಜ ಅದು. 1960ರ 'ಆಲ್ಗಾಲ್' ಭಾಷೆಯಲ್ಲಿ 'ಫಾರ್' ಮತ್ತು 'ಸ್ವಿಚ್' ಎಂಬ ಪದಗಳೆರಡೂ ಇದ್ದವು. ಆದರೆ ಅಲ್ಲಿನ ಸ್ವಿಚ್ ಎಂದರೆ ಜಿಗಿಯಬೇಕಾದ ಜಾಗಗಳ ಒಂದು ಪಟ್ಟಿ ಮಾತ್ರ.

ಬೇಕೆಂದಲ್ಲಿಗೆ ಜಿಗಿಯುವ ಈ ಸ್ವಾತಂತ್ರ್ಯದಿಂದ ದೊಡ್ಡ ಪ್ರೋಗ್ರಾಂಗಳು ಸಿಕ್ಕುಗಟ್ಟಿದ ನೂಲಿನ ಉಂಡೆಯಂತಾದವು. 1966ರಲ್ಲಿ ಇಟಲಿಯ ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಜಾಕೊಪಿನಿ ಒಂದು ಮಹತ್ವದ ಸಂಗತಿಯನ್ನು ಸಾಧಿಸಿ ತೋರಿಸಿದರು. ಒಂದರ ನಂತರ ಒಂದು ಮಾಡುವುದು, ಷರತ್ತು ನೋಡಿ ಆಯ್ಕೆ ಮಾಡುವುದು, ಷರತ್ತು ಇರುವವರೆಗೆ ಮರುಕಳಿಸುವುದು, ಈ ಮೂರರಿಂದಲೇ ಎಂತಹ ಲೆಕ್ಕವನ್ನಾದರೂ ಬರೆಯಬಹುದು. 1968ರ ಮಾರ್ಚ್‌ನಲ್ಲಿ ನೆದರ್‌ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ 'ಗೋ ಟು' ಆದೇಶ ಅಪಾಯಕಾರಿ ಎಂದು ವಾದಿಸಿ ಒಂದು ಪುಟ್ಟ ಪತ್ರ ಪ್ರಕಟಿಸಿದರು. ಅದು ಪ್ರೋಗ್ರಾಮಿಂಗ್ ಕಲಿಸುವ ಕ್ರಮವನ್ನೇ ಬದಲಾಯಿಸಿತು. ನಮ್ಮ ಪಠ್ಯದಲ್ಲಿ ಲೂಪ್ ಮತ್ತು ಸ್ವಿಚ್‌ಗೆ ಅಷ್ಟೊಂದು ಪ್ರಾಮುಖ್ಯ ಏಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಒಂದು 'ಬ್ರೇಕ್' ಮಾಡಿದ ಅನಾಹುತ

ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ 1967ರಲ್ಲಿ ರೂಪಿಸಿದ 'ಬಿಸಿಪಿಎಲ್' ಭಾಷೆಯಿಂದ ಕೆನ್ ಥಾಂಪ್ಸನ್‌ರ 'ಬಿ' ಭಾಷೆ, ಅದರಿಂದ 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿಯವರ 'ಸಿ' ಭಾಷೆ ಹುಟ್ಟಿತು. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಸಂಸ್ಥೆಯ ಬೆಲ್ ಪ್ರಯೋಗಾಲಯ ಸಿ ಭಾಷೆಯ ತವರು. ಈ ಭಾಷೆಯ ಸ್ವಿಚ್‌ಗೆ ಒಂದು ವಿಶೇಷ ಗುಣವಿದೆ. ಒಂದು ಕೇಸ್ ಮುಗಿದ ಮೇಲೆ 'ಬ್ರೇಕ್' ಇಲ್ಲದಿದ್ದರೆ ಅದು ಹೊರಗೆ ಬರುವುದಿಲ್ಲ. ಮುಂದಿನ ಕೇಸಿನೊಳಕ್ಕೆ ಜಾರುತ್ತದೆ. ಈ ಜಾರುವಿಕೆ ಕೆಲವೊಮ್ಮೆ ಉಪಯುಕ್ತ. 4, 6, 9, 11 ಈ ನಾಲ್ಕು ತಿಂಗಳ ಕೇಸ್‌ಗಳನ್ನು ಒಂದರ ಕೆಳಗೊಂದು ಬರೆದು ಎಲ್ಲಕ್ಕೂ ಸೇರಿ ಒಮ್ಮೆ '30 ದಿನ' ಎಂದರೆ ಸಾಕು. ಆದರೆ ಮರೆತು ಬಿಟ್ಟ ಬ್ರೇಕ್, ತಪ್ಪು ಜಾಗದಲ್ಲಿ ಬರೆದ ಬ್ರೇಕ್ ಎಂತಹ ಅನಾಹುತ ಮಾಡಬಲ್ಲದು ಎಂಬುದಕ್ಕೆ ಅದೇ ಸಂಸ್ಥೆ ಸಾಕ್ಷಿಯಾಯಿತು.

1990ರ ಜನವರಿ 15. ಮಧ್ಯಾಹ್ನದ ಹೊತ್ತು ನ್ಯೂಯಾರ್ಕಿನ ಒಂದು ದೂರವಾಣಿ ವಿನಿಮಯ ಯಂತ್ರದಲ್ಲಿ ಸಣ್ಣ ದೋಷ ಕಾಣಿಸಿತು. ಯಂತ್ರ ತನ್ನನ್ನು ತಾನೇ ಸರಿಪಡಿಸಿಕೊಂಡು, ಮತ್ತೆ ಕೆಲಸ ಶುರು ಮಾಡಿದ್ದನ್ನು ನೆರೆಯ ಯಂತ್ರಗಳಿಗೆ ತಿಳಿಸಿತು. ಆ ಸಂದೇಶ ಪಡೆದ ಯಂತ್ರಗಳು ತಾವೂ ಕೆಟ್ಟು, ಸರಿಪಡಿಸಿಕೊಂಡು, ತಮ್ಮ ನೆರೆಯವರಿಗೆ ಸಂದೇಶ ಕಳಿಸತೊಡಗಿದವು. ಹೀಗೆ 114 ಯಂತ್ರಗಳ ಇಡೀ ಜಾಲ ಏಳುತ್ತ ಬೀಳುತ್ತ ಸುಮಾರು ಒಂಬತ್ತು ಗಂಟೆ ಕಾಲ ನರಳಿತು. ಕೋಟಿಗಟ್ಟಲೆ ದೂರದ ಕರೆಗಳು ತಲುಪಲಿಲ್ಲ.

ಕಾರಣವನ್ನು ಹುಡುಕಿದಾಗ ಸಿಕ್ಕಿದ್ದು ಏನು? ಕೆಲವೇ ವಾರಗಳ ಹಿಂದೆ ಎಲ್ಲ ಯಂತ್ರಗಳಿಗೂ ಹಾಕಿದ್ದ, ಸಿ ಭಾಷೆಯಲ್ಲಿ ಬರೆದ ಹೊಸ ಪ್ರೋಗ್ರಾಂನಲ್ಲಿ, ಸ್ವಿಚ್‌ನೊಳಗಿನ ಒಂದು 'ಇಫ್' ಭಾಗದಲ್ಲಿ ಬರೆದಿದ್ದ ಒಂದು 'ಬ್ರೇಕ್'! ಬ್ರೇಕ್ ಎಂಬುದು 'ಇಫ್'ನಿಂದ ಹೊರಗೆ ತರುವುದಿಲ್ಲ. ಅದನ್ನು ಸುತ್ತುವರಿದ ಸ್ವಿಚ್ ಅಥವಾ ಲೂಪಿನಿಂದಲೇ ಹೊರಗೆ ತಂದುಬಿಡುತ್ತದೆ. ಆದ್ದರಿಂದ ಆಗಬೇಕಾದ ಕೆಲಸ ತಪ್ಪಿಹೋಗಿ, ಎರಡು ಸಂದೇಶಗಳು ಬೆನ್ನುಬೆನ್ನಿಗೆ ಬಂದಾಗ ಯಂತ್ರದ ಮಾಹಿತಿ ಕೆಟ್ಟುಹೋಗುತ್ತಿತ್ತು. ಸಿ ಭಾಷೆಗೆ ಜನ್ಮ ಕೊಟ್ಟ ಸಂಸ್ಥೆಯ ನುರಿತ ಎಂಜಿನಿಯರುಗಳು ಮಾಡಿದ ತಪ್ಪು, ನಮ್ಮ ಮೊದಲ ವರ್ಷದ ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳಲ್ಲಿ ನಾನು ಪ್ರತಿವರ್ಷ ಕೆಂಪು ಗೆರೆ ಎಳೆಯುವ ತಪ್ಪೇ ಆಗಿತ್ತು.

ಮುಗಿಯದ ವರ್ಷ

ಲೂಪಿನ ಪಾಠ ಕಲಿಸಿದ ದಿನ 2008ರ ಡಿಸೆಂಬರ್ 31. ಮೈಕ್ರೋಸಾಫ್ಟ್ ಕಂಪನಿಯ 'ಝೂನ್' ಎಂಬ ಹಾಡು ಕೇಳುವ ಸಾಧನದ 30 ಗಿಗಾಬೈಟ್ ಮಾದರಿಗಳೆಲ್ಲ ಆ ದಿನ ಒಮ್ಮೆಲೇ ಸ್ತಬ್ಧವಾದವು. 1980ರ ಆರಂಭದಿಂದ ಎಷ್ಟು ದಿನಗಳಾಗಿವೆ ಎಂಬ ಸಂಖ್ಯೆಯಿಂದ ಇಂದಿನ ವರ್ಷವನ್ನು ಕಂಡುಹಿಡಿಯುವ ಒಂದು 'ವೈಲ್' ಲೂಪ್ ಅದರಲ್ಲಿತ್ತು. ಉಳಿದ ದಿನಗಳು 365ಕ್ಕಿಂತ ಹೆಚ್ಚಿರುವವರೆಗೆ ಲೂಪ್ ಓಡಬೇಕು. ಸಾಮಾನ್ಯ ವರ್ಷವಾದರೆ 365 ಕಳೆದು ವರ್ಷವನ್ನು ಒಂದು ಏರಿಸಬೇಕು. ಅಧಿಕ ವರ್ಷವಾದರೆ, ಉಳಿದ ದಿನಗಳು 366ಕ್ಕಿಂತ ಹೆಚ್ಚಿದ್ದರೆ ಮಾತ್ರ 366 ಕಳೆಯಬೇಕು.

2008 ಅಧಿಕ ವರ್ಷ. ಅದರ ಕೊನೆಯ ದಿನ ಉಳಿದ ಸಂಖ್ಯೆ ಸರಿಯಾಗಿ 366. ಅದು 365ಕ್ಕಿಂತ ಹೆಚ್ಚು, ಆದ್ದರಿಂದ ಲೂಪಿನೊಳಗೆ ಹೋಗಬೇಕು. ಅದು 366ಕ್ಕಿಂತ ಹೆಚ್ಚಲ್ಲ, ಆದ್ದರಿಂದ ಏನನ್ನೂ ಕಳೆಯುವಂತಿಲ್ಲ. ಏನೂ ಬದಲಾಗದೆ ಮತ್ತೆ ಷರತ್ತಿಗೆ ಬರಬೇಕು, ಮತ್ತೆ ಒಳಗೆ ಹೋಗಬೇಕು. ಆ ಸಾಧನಗಳು ದಿನವಿಡೀ ಈ ಸುತ್ತಿನಲ್ಲಿ ಸಿಕ್ಕಿಬಿದ್ದವು. ಬ್ಯಾಟರಿ ಬರಿದಾಗಿ, ಮರುದಿನ ಮತ್ತೆ ಚಾಲೂ ಮಾಡಿದಾಗ ತಾವಾಗಿ ಸರಿಯಾದವು. ಏಳೊಂದ್ಲ ಏಳು ಎಂದು ಓಡುತ್ತಿದ್ದ ನಮ್ಮ ವಿದ್ಯಾರ್ಥಿನಿಯ ಪರದೆಗೂ ಇದಕ್ಕೂ ಏನು ವ್ಯತ್ಯಾಸ? ಎರಡರಲ್ಲಿಯೂ ಸುತ್ತು ನಡೆಯಿತು; ಬದಲಾಗಬೇಕಾದದ್ದು ಬದಲಾಗಲಿಲ್ಲ.

ಭಾಷೆ ತಿದ್ದಿಕೊಂಡಿತು, ನಾವು?

ಇಂತಹ ಅನುಭವಗಳಿಂದ ಭಾಷೆಗಳೂ ಪಾಠ ಕಲಿತಿವೆ. 1970ರ 'ಪಾಸ್ಕಲ್' ಭಾಷೆಯ ಕೇಸ್‌ನಲ್ಲಿ ಜಾರುವಿಕೆಯೇ ಇರಲಿಲ್ಲ. ಹೊಸ ಶತಮಾನದ ಆರಂಭದಲ್ಲಿ ಬಂದ 'ಸಿ ಶಾರ್ಪ್' ಭಾಷೆ ಬ್ರೇಕ್ ಮರೆತ ಕೇಸನ್ನು ತಪ್ಪೆಂದು ತಿರಸ್ಕರಿಸುತ್ತದೆ. 'ಜಾವಾ' ಭಾಷೆ 2020ರಲ್ಲಿ ಬ್ರೇಕ್ ಬೇಡದ ಹೊಸ ರೂಪದ ಸ್ವಿಚ್ ಅನ್ನು ಸ್ಥಿರವಾಗಿ ಸೇರಿಸಿಕೊಂಡಿತು. ಬಹುಕಾಲ ಸ್ವಿಚ್ ಇಲ್ಲದೆಯೇ ನಡೆದ 'ಪೈಥಾನ್' 2021ರಲ್ಲಿ 'ಮ್ಯಾಚ್' ಎಂಬ ಹೆಸರಿನಿಂದ ಅದನ್ನು ಪಡೆಯಿತು. ಆದರೆ ಲೂಪ್ ಎಲ್ಲಿ ನಿಲ್ಲಬೇಕೆಂದು ನಮಗಾಗಿ ಯೋಚಿಸುವ ಭಾಷೆ ಇನ್ನೂ ಬಂದಿಲ್ಲ.

ಇಂದು ಕೇಳಿದೊಡನೆ ಪ್ರೋಗ್ರಾಂ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳಿವೆ. ಹಾಗಿರುವಾಗ ಈ ಅಭ್ಯಾಸ ಏಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಯಂತ್ರ ಬರೆದುಕೊಟ್ಟದ್ದು ಸರಿಯೇ ಎಂದು ಓದಿ ಹೇಳುವವರು ಬೇಕಲ್ಲವೇ? ಝೂನ್‌ನ ಆ ಲೂಪ್ ಒಂದೆರಡು ವರ್ಷ ಸರಿಯಾಗಿಯೇ ಓಡಿತ್ತು. ಅದರ ದೋಷ ಕಾಣಬೇಕಾದರೆ ಒಬ್ಬರು ಪೆನ್ಸಿಲ್ ಹಿಡಿದು 366 ಎಂಬ ಒಂದು ಸಂಖ್ಯೆಯನ್ನು ಹಾಕಿ ನೋಡಬೇಕಾಗಿತ್ತು, ಅಷ್ಟೆ.

ಹೀಗೆ ಅಭ್ಯಾಸ ಮಾಡಿ

ಕೊನೆಯದಾಗಿ, ಈ ಚರಿತ್ರೆಯಿಂದಲೇ ಎತ್ತಿಕೊಂಡ ಐದು ಅಭ್ಯಾಸಗಳನ್ನು ವಿದ್ಯಾರ್ಥಿಗಳ ಮುಂದಿಡುತ್ತೇನೆ. ಇವುಗಳಿಗೆ ಮೊದಲು ಕಂಪ್ಯೂಟರ್ ಬೇಡ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು.

1. ಏಳರ ಮಗ್ಗಿಯನ್ನು ಫಾರ್, ವೈಲ್, ಡೂ-ವೈಲ್ ಮೂರರಲ್ಲಿಯೂ ಬರೆಯಿರಿ. ಹಾಳೆಯ ಮೇಲೆ ಕೋಷ್ಟಕ ಹಾಕಿ, ಪ್ರತಿ ಸುತ್ತಿನಲ್ಲಿ ಎಣಿಕೆಯ ಬೆಲೆ ಎಷ್ಟು, ಷರತ್ತು ಸರಿಯೋ ತಪ್ಪೋ ಎಂದು ತುಂಬಿಸಿ. ಲೂಪ್ ಮುಗಿದ ಮೇಲೆ ಎಣಿಕೆಯ ಬೆಲೆ ಹತ್ತೋ ಹನ್ನೊಂದೋ? ಆಮೇಲೆ ವೈಲ್ ಸಾಲಿನ ಕೊನೆಯಲ್ಲಿ ಒಂದು ಅರ್ಧವಿರಾಮ ಚಿಹ್ನೆ ಹಾಕಿದರೆ ಏನಾಗುತ್ತದೆಂದು ಊಹಿಸಿ, ಪರೀಕ್ಷಿಸಿ.

2. ಆರ್ಕಿಮಿಡೀಸನ 6ರಿಂದ 96ರವರೆಗಿನ ಸಂಖ್ಯೆಗಳನ್ನು ಲೂಪಿನಿಂದ ಮೂಡಿಸಿ. ಬಹುಭುಜಗಳು ಐದು, ಇಮ್ಮಡಿಸಿದ್ದು ಎಷ್ಟು ಸಲ? ಈ ಒಂದರ ವ್ಯತ್ಯಾಸವೇ ಲೂಪಿನಲ್ಲಿ ನಾವು ಅತಿ ಹೆಚ್ಚು ಎಡವುವ ಜಾಗ. ಆಮೇಲೆ ಅಲ್ ಕಾಶಿಯವರ 80 ಕೋಟಿಯ ಸಂಖ್ಯೆಯವರೆಗೆ ಹೋಗಿ.

3. ಅಲ್ ಖ್ವಾರಿಝ್ಮಿಯವರ ಆರು ಪ್ರಕರಣಗಳನ್ನು ಸ್ವಿಚ್‌ನಲ್ಲಿ ಬರೆಯಿರಿ. ಐದನೆಯ ಪ್ರಕರಣದ ಎಚ್ಚರಿಕೆಯನ್ನು ಮರೆಯಬೇಡಿ.

4. ತಿಂಗಳ ದಿನಗಳ ಪ್ರೋಗ್ರಾಂ ಬರೆಯಿರಿ. ಸೋಮಾರಿತನದಿಂದ 31 ದಿನದ ತಿಂಗಳುಗಳನ್ನು ಡಿಫಾಲ್ಟ್‌ಗೆ ತಳ್ಳಿದರೆ, ಹದಿಮೂರನೆಯ ತಿಂಗಳಿಗೂ ಅದು 31 ದಿನ ಎಂದೇ ಹೇಳುತ್ತದೆ! ಡಿಫಾಲ್ಟ್ ಇರುವುದು ತಪ್ಪು ಬೆಲೆಯನ್ನು ಹಿಡಿಯಲು. ಬಳಿಕ ಒಂದೊಂದೇ ಬ್ರೇಕ್ ತೆಗೆದು ಫಲಿತಾಂಶ ನೋಡಿ.

5. ದಿನಗಳ ಸಂಖ್ಯೆಯಿಂದ ವರ್ಷ ಹೇಳುವ ಲೂಪನ್ನು ನೀವೇ ಬರೆದು, 365, 366, 367 ಈ ಮೂರು ಬೆಲೆಗಳನ್ನು ಹಾಕಿ ಕೈಯಿಂದ ಓಡಿಸಿ. 1980 ಕೂಡ ಅಧಿಕ ವರ್ಷವೇ ಎಂಬುದು ನೆನಪಿರಲಿ. ಗಡಿಯಲ್ಲಿರುವ ಬೆಲೆಗಳೇ ಪ್ರೋಗ್ರಾಂನ ಬಣ್ಣ ಬಯಲು ಮಾಡುವುದು.

ಮತ್ತೆ ಆ ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ. ಅಂದು ಅವಳಿಗೆ ನಾನು ಉತ್ತರವನ್ನು ಹೇಳಲಿಲ್ಲ. ಒಂದು ಹಾಳೆ ಕೊಟ್ಟು, "ಕಂಪ್ಯೂಟರ್ ಮಾಡಿದ್ದನ್ನೇ ನೀನು ಕೈಯಿಂದ ಮಾಡಮ್ಮ, ಒಂದೊಂದೇ ಸಾಲು" ಎಂದೆ. ಮೂರನೆಯ ಸುತ್ತಿನಲ್ಲಿಯೂ ಅದೇ ಒಂದು ಎಂದು ಬರೆಯುವಾಗ ಅವಳ ಪೆನ್ಸಿಲ್ ನಿಂತಿತು. ತಲೆ ಎತ್ತಿ ನಕ್ಕಳು. "ನಾನು ಅದಕ್ಕೆ ಮುಂದೆ ಹೋಗಲಿಕ್ಕೆ ಹೇಳಲೇ ಇಲ್ಲ ಸರ್" ಎಂದಳು. ಅದನ್ನು ಅವಳು ಹೇಳಿದ್ದು ಕನ್ನಡದಲ್ಲಿಯೇ.